ಶಿಲುಬೆ ಬಗ್ಗಿಸದ ಮನೆಯವನು

ಆಗಸ್ಟಿನನ ಮುತ್ತಜ್ಜನ ಹೆಸರು ರೋಕ್. ಗುರುಪುರ ಹೊಳೆಯ ಬದಿಯ ಇಗರ್ಜಿಯಲ್ಲಿ ವರ್ಷದ ಹಬ್ಬದ ದಿನ ಮೆರವಣಿಗೆಯ ಮುಂದೆ ದೊಡ್ಡ ಶಿಲುಬೆ ಹೊರುವ ಹಕ್ಕು ಅವನದಾಗಿತ್ತು. ಹಲಸಿನ ಮರದ ಶಿಲುಬೆ, ಮೇಲೆ ಬೆಳ್ಳಿಯ ತಗಡು, ಎತ್ತರ ಒಂದಾಳಿನ ಮೇಲೆ ಇನ್ನೊಂದಾಳು. ಒಂದು ವರ್ಷ ಹೊಳೆ ದಾಟುವಾಗ ದೋಣಿ ಸುಳಿಗೆ ಸಿಕ್ಕಿ ಬುಗುರಿಯಂತೆ ತಿರುಗಿತು. ಪಾದ್ರಿಗಳು ದೋಣಿಯ ಅಂಚು ಹಿಡಿದು ಕುಳಿತರು, ವಾದ್ಯದವರು ಡೋಲನ್ನು ಅಪ್ಪಿಕೊಂಡರು, ರೋಕ್ ಮಾತ್ರ ನಡುದೋಣಿಯಲ್ಲಿ ಶಿಲುಬೆ ಎತ್ತಿಕೊಂಡು ನಿಂತೇ ಇದ್ದ. "ಮಲಗಿಸು ಮಾರಾಯ, ದೋಣಿ ಮಗುಚ್ತದೆ" ಎಂದು ಅಂಬಿಗ ಬೊಬ್ಬೆ ಹಾಕಿದರೆ, "ದೋಣಿ ಮಗುಚಿದ್ರೆ ಮಗುಚಲಿ, ಇದು ಮಲಗುದಿಲ್ಲ" ಎಂದನಂತೆ.

ರೋಕನ ಮಗ ಇನಾಸ್. ಅವನ ಕಾಲದಲ್ಲಿ ಗರ್ನಾಲು ಸಿಡಿಮದ್ದಿನ ಹೊಗೆಗೆ ಹೆಜ್ಜೇನು ಎದ್ದು, ಮೆರವಣಿಗೆಯ ಮಂದಿಯೆಲ್ಲ ಸಿಕ್ಕಸಿಕ್ಕ ಗದ್ದೆಗೆ ಹಾರಿ ಕೆಸರಲ್ಲಿ ಹೂತುಕೊಂಡರು. ಇನಾಸ್ ರಸ್ತೆಯ ನಡುವೆ ಒಬ್ಬನೇ ನಿಂತ. ಮುಖ ಊದಿ ಹಲಸಿನ ಕಾಯಾಯಿತು, ಮೂರು ದಿನ ಕಣ್ಣು ಕಾಣಲಿಲ್ಲ. ಶಿಲುಬೆ ಒಂದು ಬೆರಳಿನಷ್ಟೂ ವಾಲಲಿಲ್ಲ. ಇನಾಸನ ಮಗ ಪಾವ್ಲು, ಆಗಸ್ಟಿನನ ಅಪ್ಪ. ಹಬ್ಬದ ದಿನ ಅವನಿಗೆ ಚಳಿಜ್ವರ ಬಂದು ಹೆಂಡತಿ ಹೊರಗಿನಿಂದ ಅಗುಳಿ ಹಾಕಿದಳು. ಅವನು ಅಟ್ಟ ಹತ್ತಿ, ಹಂಚು ಸರಿಸಿ, ಮಾಡಿನ ಮೇಲಿಂದ ಅಂಗಳಕ್ಕೆ ಹಾರಿ, ಕುಂಟುತ್ತ ಹೋಗಿ ಹೊತ್ತ. ಆ ಮನೆಗೆ ಹೊಲವಿರಲಿಲ್ಲ, ತೋಟವಿರಲಿಲ್ಲ, ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿಯೂ ಇರಲಿಲ್ಲ. ಇದ್ದದ್ದು ಒಂದೇ ಮಾತು: ಆ ಮನೆಯವರ ಕೈಯಲ್ಲಿ ಶಿಲುಬೆ ಬಗ್ಗುವುದಿಲ್ಲ.

ಈ ವಂಶದ ಕುಡಿ ಆಗಸ್ಟಿನ್ ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಕುವೈತಿನ ಮಂಗಫ್‌ನ ನಾಲ್ಕನೇ ಮಾಳಿಗೆಯ ಎರಡು ಕೋಣೆಯ ಮನೆಯಲ್ಲಿ, ಏಸಿಯ ನೀರು ತೊಟ್ಟಿಕ್ಕುವ ಬಕೆಟಿನ ಪಕ್ಕ ಕುಳಿತು, ಲೋಕವನ್ನೆಲ್ಲ ಬೈಯುತ್ತಿದ್ದ.

ಬೈಯಲು ಅವನಿಗೆ ಕಾರಣಗಳ ಬರವಿರಲಿಲ್ಲ. ಇಪ್ಪತ್ತೊಂದಕ್ಕೆ ಶಿಲುಬೆ ಭುಜಕ್ಕೆ ಬಂದು, ಇಪ್ಪತ್ತೈದಕ್ಕೆ ಅದನ್ನು ಬಿಟ್ಟು ಹಡಗು ಹತ್ತಿದವನು. ಹಕ್ಕು ತಮ್ಮ ರುಡಾಲ್ಫನಿಗೆ ಹೋಯಿತು. ರುಡಾಲ್ಫನಿಗೆ ತನ್ನ ಹೊಟ್ಟೆಯೇ ಭಾರ. ನಾಲ್ಕು ವರ್ಷ ಏದುಸಿರು ಬಿಟ್ಟು ಹೊತ್ತ, ಐದನೆಯ ವರ್ಷ ಟೆಂಪೋ ತರಿಸಿದ. ಶಿಲುಬೆಗೆ ಸೇವಂತಿಗೆ ಮಾಲೆ ಹಾಕಿ, ಸೀರಿಯಲ್ ಲೈಟು ಸುತ್ತಿ, ಜನರೇಟರಿನ ಪಕ್ಕ ಕೂರಿಸಿದ. ಊರಿನಿಂದ ಬಂದ ವೀಡಿಯೊ ಕ್ಯಾಸೆಟ್ಟಿನಲ್ಲಿ ಅದನ್ನು ನೋಡಿದ ದಿನ ಆಗಸ್ಟಿನ್ ಟೀವಿಗೆ ಬೆನ್ನು ಹಾಕಿ ಕುಳಿತು ಊಟ ಮಾಡಿದ. "ನಾಳೆ ಏಸುವಿಗೂ ಹೆಲ್ಮೆಟ್ ಹಾಕ್ತಾನೆ ಈ ಬೊಜ್ಜ" ಎಂದ.

ಕುವೈತಿನಲ್ಲಿ ರಸ್ತೆಯ ಮೇಲೆ ಮೆರವಣಿಗೆ ಎಲ್ಲಿಂದ ಬರಬೇಕು? ಇಗರ್ಜಿಯ ಅಂಗಳದಲ್ಲೇ, ನಿಲ್ಲಿಸಿದ ಕಾರುಗಳ ನಡುವೆ ಒಂದು ಸುತ್ತು. ಶಿಲುಬೆ ಅಲ್ಯೂಮಿನಿಯಂ ಪೈಪಿನದು. ಹನ್ನೆರಡರ ಮಗುವೂ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಪೆಪ್ಸಿ ಕುಡಿಯಬಹುದು. "ಬಟ್ಟೆ ಒಣಗಿಸುವ ಕೋಲು" ಎಂದು ಅದಕ್ಕೆ ಹೆಸರಿಟ್ಟವನು ಆಗಸ್ಟಿನನೇ. ಒಮ್ಮೆ ಹೊರಲು ಕರೆದಾಗ, "ಬಟ್ಟೆ ತನ್ನಿ, ಒಣಗಿಸ್ತೇನೆ" ಎಂದಿದ್ದ. ಮತ್ತೆ ಯಾರೂ ಕರೆಯಲಿಲ್ಲ.

ಅವನ ಕೆಲಸ ರಿಗ್ಗರನದು. ರಿಫೈನರಿಯಲ್ಲಿ ಕ್ರೇನಿನ ಕೊಕ್ಕೆಗೆ ಭಾರ ಕಟ್ಟಿ, ಸೀಟಿ ಹಾಕಿ, ಕೈಸನ್ನೆಯಲ್ಲಿ ಏರಿಸಿ ಇಳಿಸುವುದು. ಇರಾಕಿನವರು ನುಗ್ಗಿದಾಗ ಒಂದೂವರೆ ವರ್ಷ ಊರಿನಲ್ಲಿ ಕುಳಿತದ್ದು ಬಿಟ್ಟರೆ, ಮೂವತ್ತಮೂರು ವರ್ಷ ಇದೇ ಕಸುಬು. ಪೈಪಿನ ತುಂಡನ್ನು ಕಣ್ಣಲ್ಲೇ ಅಳೆದು ತೂಕ ಹೇಳುತ್ತಿದ್ದ. ಇಂಜಿನಿಯರ್ ಲೆಕ್ಕ ಮುಗಿಸಿ ತಲೆ ಎತ್ತುವಾಗ ಪೈಪು ಮೇಲೆ ಹೋಗಿ ಕುಳಿತಿರುತ್ತಿತ್ತು. ಎರಡು ವರ್ಷದ ಹಿಂದೆ ಭಾರ ಎತ್ತುವ ಚೈನ್ ಬ್ಲಾಕ್ ಜಾರಿ ಅವನ ಬಲಭುಜವನ್ನು ಸೆಳೆದುಕೊಂಡು ಹೋಯಿತು. ಹೆಂಡತಿ ರೋಸಲಿನ್ ಸರಕಾರಿ ಆಸ್ಪತ್ರೆಯ ನರ್ಸು. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹಳೇ ಹಗ್ಗದ ಹಾಗೆ ಎಳೆ ಎಳೆ ಬಿಟ್ಟಿದೆ ಅಂತಾರೆ ಡಾಕ್ಟ್ರು. ಇನ್ನೊಂದು ಸಲ ಭಾರ ಎತ್ತಿದ್ರೆ ಕೈ ಮೇಲೆ ಹೋಗುದು ನಿಂತೇ ಹೋಗ್ತದೆ" ಎಂದಳು. ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್, ಅವನನ್ನು ಶೆಡ್ಡಿನ ನೆರಳಲ್ಲಿ ಕೂರಿಸಿ ಹೆಲ್ಮೆಟ್ ಹಂಚುವ ಕೆಲಸ ಕೊಟ್ಟ. ಡಿಸೆಂಬರಿಗೆ ಅದೂ ಖಲಾಸ್, ಊರಿಗೆ ಹೋಗಬೇಕು. ಊರಿನಲ್ಲಿ ಟೆಂಪೋ ಕಾಯುತ್ತಿತ್ತು.

ಆಗಸ್ಟಿನನಿಗೆ ಬೇಕಾದದ್ದು ಇಷ್ಟೇ. ಈ ಕೈ ಪೂರ್ತಿ ಸಾಯುವ ಮೊದಲು ಒಮ್ಮೆ ತೂಕವಿರುವ ಒಂದು ಶಿಲುಬೆಯನ್ನೋ ಪತಾಕೆಯನ್ನೋ, ಜನ ನೋಡುವ ರಸ್ತೆಯಲ್ಲಿ, ಬಗ್ಗಿಸದೆ ಹೊರಬೇಕು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ರೋಸಲಿನ್‌ಗೆ ಹೇಳದೆಯೂ ಗೊತ್ತಿತ್ತು.

ಇಂಥ ಸಮಯಕ್ಕೆ ಮೋರಿಸ್ ಮನೆಗೆ ಬಂದ. ಮಿರ್ಕಾಬ್‌ನ ಒಂದು ಆಫೀಸಿನಲ್ಲಿ ಗುಮಾಸ್ತ, ಸಂಜೆಯ ಮೇಲೆ ಕೊಂಕಣಿ ಸಂಘದ ಅಧ್ಯಕ್ಷ. ಹನ್ನೊಂದು ವರ್ಷದಿಂದ ಅವನೇ ಅಧ್ಯಕ್ಷ, ಯಾಕೆಂದರೆ ಬೇರೆ ಯಾರಿಗೂ ಅಷ್ಟು ಮಾತಾಡಲು ಪುರುಸೊತ್ತಿರಲಿಲ್ಲ. ಪ್ರತಿ ಬೇಸಗೆ ರಜೆಗೆ ಮೂವತ್ತು ಜನರನ್ನು ಕಟ್ಟಿಕೊಂಡು, ಎಲ್ಲರ ತಲೆಗೂ ಒಂದೇ ಬಣ್ಣದ ಟೊಪ್ಪಿ ಹಾಕಿ, ಯಾತ್ರೆ ಹೊರಡಿಸುತ್ತಿದ್ದ.

"ಆಗಸ್ಟಿನ್ ಬಾಪ್ಪು, ಈ ಸಲ ಲೂರ್ದು ಮಾತೆಯ ಇಗರ್ಜಿ ಮಾತ್ರ ಅಲ್ಲ. ಫ್ರಾನ್ಸಿನಲ್ಲೇ ಬ್ರಿಟನಿ ಅಂತ ಒಂದು ಸೀಮೆ ಉಂಟು. ಅಲ್ಲಿ ಲಾಂಗರೆಕ್ ಅಂತ ಸಣ್ಣ ಊರು. ಆರುನೂರು ವರ್ಷ ಹಳೇ ಮನೆಗಳು!"

"ಹಳೇ ಮನೆ ನೋಡ್ಲಿಕ್ಕೆ ವಿಮಾನ ಹತ್ಬೇಕಾ? ಅಬ್ಬಾಸಿಯಾಕ್ಕೆ ಹೋಗು. ಮೂವತ್ತೇ ವರ್ಷಕ್ಕೆ ಕಬ್ಬಿಣ ಹೊರಗೆ ಬಂದಿದೆ. ಬಸ್ಸಲ್ಲಿ ಹೋಗಿ ಬರ್ಬಹುದು."

"ಅದು ಇತಿಹಾಸ ಬಾಪ್ಪು, ಇತಿಹಾಸ."

"ರಿಪೇರಿ ಮಾಡ್ಲಿಕ್ಕೆ ಸೋಮಾರಿತನ ಆದ್ರೆ ಅದಕ್ಕೆ ಇತಿಹಾಸ ಅಂತ ಹೆಸರು."

ಮೋರಿಸ್ ಚಹಾದ ಲೋಟ ಕೆಳಗಿಟ್ಟ. "ನಾವು ಹೋಗುವ ದಿನವೇ ಅಲ್ಲಿ ಸಾಂತ್ ಆನ್ನಾಳ ಹಬ್ಬ. ಊರೆಲ್ಲ ಮೆರವಣಿಗೆ ಹೋಗ್ತಾರಂತೆ. ಪತಾಕೆ, ಶಿಲುಬೆ, ವಾದ್ಯ ಎಲ್ಲ."

ಆಗಸ್ಟಿನ್ ಬಕೆಟನ್ನು ಕಾಲಿನಿಂದ ಬದಿಗೆ ಸರಿಸಿದ. ಆಮೇಲೆ ಕೇಳಿದ: "ರಸ್ತೆಯಲ್ಲಾ?"

"ರಸ್ತೆಯಲ್ಲೇ."

"ಟೆಂಪೋ ಉಂಟಾ?"

"ಎಂತ ಟೆಂಪೋ? ಹೊತ್ತುಕೊಂಡೇ ಹೋಗುದು."

ರೋಸಲಿನ್ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ಗಂಡನನ್ನು ನೋಡಿದಳು. "ಮೋರಿಸ್, ನಮ್ಮದು ಮೂರು ಸೀಟು ಬರ್ಕೊ" ಎಂದ ಆಗಸ್ಟಿನ್. "ಮಗಳು ಡೆಲ್ಮಾನೂ ಬರ್ಲಿ. ಶಾಲೆಯಲ್ಲಿ ಫ್ರೆಂಚ್ ಕಲ್ತಿದ್ದಾಳಲ್ಲ, ಫೀಸಿನ ಮುಖ ನೋಡುವ."

ಜುಲೈ ಇಪ್ಪತ್ತಾರರ ಬೆಳಿಗ್ಗೆ ಮೂವತ್ತೆರಡು ಹಳದಿ ಟೊಪ್ಪಿಗಳು ಲಾಂಗರೆಕ್‌ನ ಕೋಟೆಬಾಗಿಲ ಹೊರಗೆ ಬಸ್ಸಿನಿಂದ ಇಳಿದವು. ಆಗಸ್ಟಿನನ ಟೊಪ್ಪಿ ಜೇಬಿನಲ್ಲಿತ್ತು. ಕೋಟೆ ಎಂದರೆ ಏನು? ಅವನ ಲೆಕ್ಕದಲ್ಲಿ ಕುವೈತಿನ ಶೇಖನೊಬ್ಬನ ಹಿತ್ತಿಲ ಗೋಡೆಯೂ ಅದಕ್ಕಿಂತ ಎತ್ತರ. ಒಳಗೆ ಕಗ್ಗಲ್ಲು ಹಾಸಿದ ಓಣಿ, ಎರಡೂ ಕಡೆ ಮರದ ಚೌಕಟ್ಟಿನ ಮನೆಗಳು. ಮುದಿ ಎತ್ತಿನ ಪಕ್ಕೆಲುಬಿನಂತೆ ತೊಲೆಗಳೆಲ್ಲ ಹೊರಗೆ ಕಾಣುತ್ತಿದ್ದವು. ಕೆಳಗಿನ ಮಾಳಿಗೆಗಿಂತ ಮೇಲಿನದು ಮುಂದೆ, ಅದಕ್ಕಿಂತ ಮೇಲಿನದು ಇನ್ನೂ ಮುಂದೆ. ಎದುರು ಬದುರು ಮನೆಗಳು ಕುಡಿದು ಬಂದ ಅಣ್ಣತಮ್ಮಂದಿರಂತೆ ಒಬ್ಬರ ಮೇಲೊಬ್ಬರು ವಾಲಿ ನಿಂತಿದ್ದವು. ಮೂವತ್ತಮೂರು ವರ್ಷ ತೂಗುಗುಂಡು ಹಿಡಿದ ಕಣ್ಣಿಗೆ ಆ ಓಣಿಯಲ್ಲಿ ನೆಟ್ಟಗೆ ಕಂಡದ್ದು ಒಂದು ನಾಯಿಯ ಬಾಲ ಮಾತ್ರ.

"ನೋಡಿ ನೋಡಿ, ಈ ಮನೆ ಸಾವಿರದ ನಾನೂರ..." ಎಂದು ಮೋರಿಸ್ ಕೈ ಎತ್ತಿದ.

"ಕೈ ಕೆಳಗೆ ಹಾಕು. ಗಾಳಿ ತಾಗಿ ಬಿದ್ದೀತು."

ಅಂಗಡಿಗಳಲ್ಲಿ ಬೆಣ್ಣೆ ಬಿಸ್ಕಿಟು, ಉಪ್ಪು, ಮತ್ತೆ ಬೆಣ್ಣೆ ಬಿಸ್ಕಿಟು. ಒಂದು ಕಿಟಕಿಯಲ್ಲಿ ದಪ್ಪ ಹೆಂಗಸೊಬ್ಬಳು ಕಾವಲಿಯ ಮೇಲೆ ಕಪ್ಪು ಹಿಟ್ಟು ಸುರಿದು, ಕುಂಟೆಯಂಥ ಮರದ ಕೋಲಿನಿಂದ ಎಳೆಯುತ್ತಿದ್ದಳು. ಮಧ್ಯೆ ಮೊಟ್ಟೆ ಒಡೆದು, ನಾಲ್ಕು ಕಡೆ ಮಡಚಿ, ಲಕೋಟೆ ಮಾಡಿ ಕೊಟ್ಟಳು. ರಾಗಿಯಲ್ಲ, ಉದ್ದಲ್ಲ, ಸುಡುಮಣ್ಣಿನ ಬಣ್ಣ. ಆಗಸ್ಟಿನ್ ಮೂರು ತಿಂದ. "ದೋಸೆ ಹೊಯ್ಯಲಿಕ್ಕೆ ಕೋಲು ಬೇಕಂತೆ. ಇವರಿಗೆ ಕೈ ಎಂತಕ್ಕೆ ಕೊಟ್ಟಿದ್ದಾನೆ ದೇವ್ರು?" ಎಂದ.

"ಮೂರು ತಿಂದ್ರಿ ಅಲ್ವಾ?" ಎಂದಳು ರೋಸಲಿನ್.

"ಹಸಿವಿಗೆ ತಿಂದದ್ದು. ಮರ್ಯಾದೆಗೆ ಅಲ್ಲ."

ಇಗರ್ಜಿಯ ಅಂಗಳಕ್ಕೆ ಬಂದಾಗ ಅವನ ಕಾಲು ನಿಂತಿತು. ಕಲ್ಲಿನ ಮೊಗಸಾಲೆಯ ಮುಂದೆ, ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಪತಾಕೆ ಮಲಗಿತ್ತು. ಕಡುಗೆಂಪು ಮಖಮಲ್ಲು, ಅದರ ಮೇಲೆ ಚಿನ್ನದ ಸರಿಗೆಯಲ್ಲಿ ಪುಟ್ಟ ಮರಿಯಳಿಗೆ ಓದು ಕಲಿಸುತ್ತಿರುವ ತಾಯಿ ಸಾಂತ್ ಆನ್ನಾ. ತೊಲೆಯಂಥ ದಂಡ, ಮೇಲೆ ಅಡ್ಡಮರ, ಅದರ ತುದಿಗೆ ಹಿತ್ತಾಳೆಯ ಗುಂಡುಗಳು. ಒಂದಾಳಿನ ಮೇಲೆ ಒಂದಾಳು, ಅದರ ಮೇಲೆ ಇನ್ನರ್ಧ ಆಳು. ಮುಕ್ಕಾಲು ಮುಡಿ ಅಕ್ಕಿಯ ತೂಕ, ಮೂವತ್ತು ಕಿಲೋ ಎಂದು ಕಣ್ಣು ಹೇಳಿತು. ಮೇಲಿನ ತುದಿಯೇ ಭಾರ ಎಂದೂ ಹೇಳಿತು.

ಪಕ್ಕದಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಇಗರ್ಜಿಯ ಕೆಲಸ ನೋಡಿಕೊಳ್ಳುವ ಎರ್ವೆ ಎಂಬವನು. ಅವನ ಮುಖ ಮೆರವಣಿಗೆ ಹೊರಡಿಸುವವನ ಮುಖವಾಗಿರಲಿಲ್ಲ, ಹೆಣ ಹೊರಲು ಜನ ಸಿಗದವನ ಮುಖವಾಗಿತ್ತು. ಒಬ್ಬ ಬಿಳಿಚಿದ ಯುವಕ ಪತಾಕೆಯ ಬುಡ ಹಿಡಿದು ಎತ್ತಲು ನೋಡಿದ. ಮೊಣಕಾಲಿನಷ್ಟು ಎದ್ದು ಮತ್ತೆ ಸ್ಟ್ಯಾಂಡಿನ ಮೇಲೆ ಕುಳಿತಿತು.

"ಡೆಲ್ಮಾ, ಎಂತ ಆಯ್ತು ಅಂತ ಕೇಳು."

ಡೆಲ್ಮಾಳಿಗೆ ಹತ್ತನೇ ಕ್ಲಾಸಿನಲ್ಲಿ ಫ್ರೆಂಚಿಗೆ ತೊಂಬತ್ತೆಂಟು ಬಂದಿತ್ತು. ಈಗ ಎಂಟು ಮಾತೂ ಬರಲಿಲ್ಲ. ಮುದುಕ ಬೆರಳು ಮಡಚಿ, ಬೆನ್ನು ಹಿಡಿದು ತೋರಿಸಿ, ದೂರಕ್ಕೆ ಕೈ ಬೀಸಿದ ಮೇಲೆ ಅವಳು ಅರ್ಥ ಮಾಡಿಕೊಂಡು ಹೇಳಿದಳು: "ಡ್ಯಾಡಾ, ಮೂರು ಜನ ಹೊರ್ತಾ ಇದ್ರಂತೆ. ಒಬ್ಬ ಪ್ಯಾರಿಸ್‌ಗೆ ಹೋಗಿದ್ದಾನೆ. ಒಬ್ಬನಿಗೆ ಬ್ಯಾಕ್ ಪೇನ್. ಈ ಬಾಯ್‌ಗೆ ಆಗ್ತಾ ಇಲ್ಲ."

"ಆರುನೂರು ವರ್ಷದ ಊರಂತೆ, ಮೂರು ಭುಜ ಇಲ್ಲ!" ಎಂದು ಆಗಸ್ಟಿನ್ ಅಂಗಿಯ ತೋಳು ಮಡಚತೊಡಗಿದ.

ರೋಸಲಿನ್ ಮುಂದೆ ಬಂದಳು. "ಕೇಳ್ತಾ? ಡಾಕ್ಟ್ರು ಎಂತ ಹೇಳಿದ್ದಾರೆ, ನೆನಪುಂಟಾ?"

"ಎಳೆ ಎಳೆ ಬಿಟ್ಟಿದೆ ಅಂದ್ರು. ಪೂರ್ತಿ ಹೋಗಿದೆ ಅನ್ನಲಿಲ್ಲ."

"ಹೋದ್ಮೇಲೆ ಶರ್ಟಿನ ಬಟನ್ ಹಾಕ್ಲಿಕ್ಕೆ ನಾನೇ ಬೇಕು."

"ಈಗ ಮಾತ್ರ ಯಾರು ಹಾಕುದು?" ಎಂದು ಅವನು ಪತಾಕೆಯ ಬಳಿ ಕುಕ್ಕರುಗಾಲಲ್ಲಿ ಕುಳಿತ. ದಂಡವನ್ನು ತಟ್ಟಿ ನೋಡಿ, ಸಮತೋಲದ ಜಾಗ ಬೆರಳಿನಲ್ಲಿ ಹುಡುಕಿ, ಎಡಗೈ ಮೇಲೆ ಬಲಗೈ ಕೆಳಗೆ ಹಿಡಿದು, ಉಸಿರು ಎಳೆದು ಎದ್ದ. ಪತಾಕೆ ಅವನ ಜೊತೆ ಎದ್ದಿತು. ಮಖಮಲ್ಲು ಬಿಚ್ಚಿಕೊಂಡು ಗಾಳಿಗೆ ಪಟಪಟ ಅಂದಿತು. ಹಳದಿ ಟೊಪ್ಪಿಯವರು ಚಪ್ಪಾಳೆ ತಟ್ಟಿದರು. ತಾನೇ ಎತ್ತಿದಂತೆ ಮೋರಿಸ್ ಸುತ್ತಮುತ್ತ ನೋಡಿದ.

ಎರ್ವೆ ಹತ್ತಿರ ಬಂದು ಆಗಸ್ಟಿನನ ಅಂಗೈ ಮುಟ್ಟಿ ನೋಡಿದ. ದಡ್ಡುಗಟ್ಟಿದ ಕೈ. ತನ್ನದನ್ನೂ ತೋರಿಸಿದ, ಅದೂ ಅಂಥದ್ದೇ. ಆಮೇಲೆ ಒಂದು ಅಗಲವಾದ ತೊಗಲಿನ ಪಟ್ಟಿ ತಂದ. ಹೊಟ್ಟೆಯ ಮುಂದೆ ಬಟ್ಟಲಿನಂಥ ತೊಗಲಿನ ಕುಳಿ, ದಂಡದ ಬುಡ ಅದರಲ್ಲಿ ಕೂರಬೇಕು. ಆಗಸ್ಟಿನ್ ಅದನ್ನು ನೋಡಿ ನಕ್ಕ. "ಸೊಂಟದಲ್ಲಿ ಕೂರಿಸ್ಲಿಕ್ಕೆ ಇದೆಂತ ಮಗುವಾ? ಬೇಡ ಹೇಳು." ಎರ್ವೆ ಎರಡು ಸಲ ಒತ್ತಾಯಿಸಿದ, ಮೂರನೆಯ ಸಲ ಭುಜ ಕುಣಿಸಿ ಪಟ್ಟಿಯನ್ನು ಗೋಡೆಯ ಮೇಲಿಟ್ಟ.

ಮೆರವಣಿಗೆ ಹೊರಟಿತು. ಮುಂದೆ ವಾದ್ಯದವರು. ಚರ್ಮದ ಚೀಲ ಕಂಕುಳಲ್ಲಿ ಒತ್ತಿ ಊದುವ ಆ ವಾದ್ಯದ ದನಿಗೂ ರಿಫೈನರಿಯಲ್ಲಿ ಗಾಳಿ ಸೋರುವ ಕಂಪ್ರೆಸರಿಗೂ ಆಗಸ್ಟಿನನಿಗೆ ವ್ಯತ್ಯಾಸ ಕಾಣಲಿಲ್ಲ. ಹಿಂದೆ ಕಸೂತಿಯ ಬಿಳಿ ಟೊಪ್ಪಿ ಹಾಕಿದ ಮುದುಕಿಯರು, ಒಬ್ಬೊಬ್ಬರ ತಲೆಯ ಮೇಲೂ ಲಾಂದ್ರದ ಚಿಮಣಿ ಕೂತಂತೆ. ಆದರೂ ಕಲ್ಲುಹಾಸಿನ ಓಣಿಯಲ್ಲಿ ಪತಾಕೆ ಎತ್ತಿ ನಡೆಯುವಾಗ ಅವನ ಎದೆ ಹಿಗ್ಗಿತು. ಮಾಳಿಗೆಯ ಕಿಟಕಿಗಳಿಂದ ಜನ ಬಗ್ಗಿ ನೋಡುತ್ತಿದ್ದರು. ಒಂದು ಮಗು ಮಖಮಲ್ಲಿನ ಅಂಚು ಮುಟ್ಟಿತು. ಮೂವತ್ತಮೂರು ವರ್ಷದ ಮೇಲೆ ತೂಕ ತೂಕದಂತೆ ಇತ್ತು. ಭುಜ ಉರಿಯುತ್ತಿತ್ತು, ಉರಿಯಲಿ. ವಾಲಿದ ಮನೆಗಳ ನಡುವೆ ನೆಟ್ಟಗೆ ಹೋಗುತ್ತಿರುವುದು ನಾನೊಬ್ಬನೇ ಎಂದುಕೊಂಡ. ರುಡಾಲ್ಫ್ ನೋಡಬೇಕಿತ್ತು.

ನಾಲ್ಕು ದಾರಿ ಕೂಡುವಲ್ಲಿ ವಾದ್ಯ ನಿಂತಿತು. ಎದುರಿನ ಓಣಿಯಿಂದ ಪಕ್ಕದ ಊರಿನವರ ಪತಾಕೆ ಬಂತು. ನೀಲಿ ಪತಾಕೆ, ಇದರಷ್ಟೇ ಎತ್ತರ. ಹೊತ್ತಿದ್ದವಳು ಒಬ್ಬ ಹುಡುಗಿ! ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಹಾಲು ಕರೆಯುವವಳ ತೋಳು, ಸೊಂಟಕ್ಕೆ ಆ ತೊಗಲಿನ ಪಟ್ಟಿ. ಆಗಸ್ಟಿನ್ ಮೂಗಿನಲ್ಲೇ ನಕ್ಕ. ಹುಡುಗಿ ಅವನ ಎದುರು ಬಂದು ನಿಂತು, ಕಾಲು ಅಗಲಿಸಿ, ಪತಾಕೆಯನ್ನು ನಿಧಾನವಾಗಿ ಮುಂದಕ್ಕೆ ಬಗ್ಗಿಸಿದಳು. ಬಗ್ಗಿಸುತ್ತ ಬಗ್ಗಿಸುತ್ತ ಅದು ಅವನ ತಲೆಯ ಎತ್ತರಕ್ಕೆ ಬಂದು ನಿಂತಿತು. ಜನ ಕಾದರು.

"ಡ್ಯಾಡಾ, ನೀನೂ ಬಗ್ಗಿಸ್ಬೇಕಂತೆ," ಡೆಲ್ಮಾ ಪಿಸುಗುಟ್ಟಿದಳು. "ಎರಡು ಪತಾಕೆ ಕಿಸ್ ಮಾಡ್ಬೇಕು. ದೇರ್ ಕಸ್ಟಮ್."

"ನಮ್ಮದು ಬಗ್ಗುದಿಲ್ಲ."

"ಇದು ನಮ್ಮದಲ್ಲ, ಡ್ಯಾಡಾ! ಅವರದ್ದು!"

"ಯಾರ ಕೈಯಲ್ಲಿ ಉಂಟು ಈಗ?"

ಮೋರಿಸ್ ಬೆವರು ಒರೆಸುತ್ತ ಓಡಿ ಬಂದ. "ಬಾಪ್ಪು, ಸ್ವಲ್ಪ, ಸ್ವಲ್ಪವೇ ಬಗ್ಗಿಸಿ. ಸಂಘದ ಮಾನ ಹೋಗ್ತದೆ."

"ಸಂಘಕ್ಕೆ ಮಾನ ಇದ್ರೆ ಇಂಥ ಟೊಪ್ಪಿ ಹಾಕ್ತಿತ್ತಾ? ಹೋಗು."

ಹುಡುಗಿಯ ಪತಾಕೆ ಹಾಗೆಯೇ ಬಗ್ಗಿ ನಿಂತಿತ್ತು. ಅವಳ ತೋಳು ನಡುಗತೊಡಗಿತು, ಕತ್ತಿನ ನರ ಎದ್ದಿತು, ಕಣ್ಣು ಮಾತ್ರ ಆಗಸ್ಟಿನನ ಮೇಲಿಂದ ಕದಲಲಿಲ್ಲ. ಆಗಸ್ಟಿನ್ ಆಕಾಶ ನೋಡುತ್ತ ನೆಟ್ಟಗೆ ನಿಂತ. ಕೊನೆಗೆ ಅವಳು ಉತ್ತರ ಸಿಗದ ಪತಾಕೆಯನ್ನು ಒಬ್ಬಳೇ ಮೇಲಕ್ಕೆತ್ತಿದಳು. ಮುದುಕಿಯರ ಸಾಲಿನಿಂದ ಒಂದು ಗೊಣಗಾಟ ಎದ್ದಿತು. ಎರ್ವೆ ಬೂಟಿನ ತುದಿ ನೋಡುತ್ತ ನಿಂತ. ಮನೆಗೆ ಬಂದ ನೆಂಟರ ಎದುರು ಬಾಗಿಲು ಮುಚ್ಚಿದರೆ ಯಜಮಾನನ ಮುಖ ಹೇಗಾಗುತ್ತದೋ ಹಾಗೆ ಅವನ ಮುಖ. ಪಾದ್ರಿ ಅವಸರವಾಗಿ ಕೈ ಬೀಸಿದರು, ವಾದ್ಯ ಮತ್ತೆ ಊದಿತು, ಮೆರವಣಿಗೆ ಇಗರ್ಜಿಯ ಕಡೆ ತಿರುಗಿತು. ಅತಿಥಿಗಳೆಂದು ನೀಲಿ ಪತಾಕೆಯನ್ನು ಮುಂದೆ ಬಿಟ್ಟರು.

ಇಗರ್ಜಿಯ ಮೊಗಸಾಲೆಯ ಕಮಾನು ತಗ್ಗು. ಬೆಳಿಗ್ಗೆಯೇ ಆಗಸ್ಟಿನ್ ಅದನ್ನು ನೋಡಿ, "ಕೋಳಿಗೂಡಿನ ಬಾಗಿಲು" ಎಂದಿದ್ದ. ಪತಾಕೆಯ ಎತ್ತರದ ಅರ್ಧವೂ ಇಲ್ಲ. ಇದು ಒಳಗೆ ಹೋಗುವುದು ಹೇಗೆ ಎಂಬುದು ಅವನಿಗೆ ಹೊಳೆದದ್ದು ಈಗಲೇ. ಊರಿನಲ್ಲಿ ಶಿಲುಬೆ ಇಗರ್ಜಿಯೊಳಗೆ ಹೋಗಬೇಕಾದರೆ ಆನೆ ಹೋಗುವಷ್ಟು ಬಾಗಿಲಿತ್ತು.

ಹುಡುಗಿ ಕಮಾನಿನ ಮುಂದೆ ನಿಂತಳು. ಬುಡವನ್ನು ಸೊಂಟದ ಪಟ್ಟಿಗೆ ಒತ್ತಿ ಹಿಡಿದು, ದಂಡವನ್ನು ಮುಂದಕ್ಕೆ ಇಳಿಸಿದಳು. ಪೂರ್ತಿ ಮಲಗಿಸಿದಳು. ಮಖಮಲ್ಲು ನೆಲ ಮುಟ್ಟಲಿಲ್ಲ, ಹಿತ್ತಾಳೆಯ ಗುಂಡು ಕಲ್ಲಿಗೆ ತಾಗಲಿಲ್ಲ. ಹಾಗೆ ಮಲಗಿಸಿ ಹಿಡಿದುಕೊಂಡೇ, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗಿ, ಆಚೆ ಕಡೆ ಮತ್ತೆ ಎತ್ತಿದಳು. ಅವಳ ತೋಳಿನ ಪ್ರತಿಯೊಂದು ನರವೂ ಲೋಡು ಹಿಡಿದ ಹಗ್ಗದಂತೆ ಬಿಗಿದಿತ್ತು.

ಆಗಸ್ಟಿನ್ ರಿಗ್ಗರ್. ತಾನು ನೋಡಿದ್ದು ಏನೆಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕ್ರೇನಿನ ತೋಳು ನೆಟ್ಟಗಿದ್ದರೆ ಅದು ಮಗು; ಇಳಿಸುತ್ತ ಹೋದಂತೆ ಅದೇ ರಾಕ್ಷಸ. ಮಲಗಿದ ತೋಳಿಗೆ ಅರ್ಧ ಭಾರ ಕಟ್ಟಿದರೂ ಕ್ರೇನು ಮಗುಚುತ್ತದೆ. ಇದನ್ನು ಅವನು ಬಂದ ಬಂದ ಹೊಸಬರಿಗೆಲ್ಲ ತಲೆಗೆ ಮೊಟಕಿ ಕಲಿಸಿದ್ದ. ನೆಟ್ಟಗೆ ನಿಂತ ಕಂಬವನ್ನು ಹೊರುವುದು ಸೊಂಟ ಗಟ್ಟಿ ಇರುವ ಯಾವ ಕತ್ತೆಗೂ ಸಾಧ್ಯ. ಬಗ್ಗಿಸಿ, ಬೀಳದಂತೆ ಹಿಡಿದು, ಮತ್ತೆ ಎತ್ತುವುದಿದೆಯಲ್ಲ, ಅದು ಕೆಲಸ. ಹಾಗಾದರೆ ರೋಕ್ ದೋಣಿಯಲ್ಲಿ ಮಾಡಿದ್ದೇನು? ಇನಾಸ್? ಪಾವ್ಲು? ಮೂರು ತಲೆಮಾರು ಹಗುರದ ಕಡೆ ನಿಂತು ಮೀಸೆ ತಿರುವಿತು. ನಾಲ್ಕನೆಯವನು ಈಗಷ್ಟೇ ನಾಲ್ಕು ದಾರಿ ಕೂಡುವಲ್ಲಿ, ಭಾರದ ಕೆಲಸ ಮಾಡುತ್ತಿದ್ದ ಒಂದು ಹುಡುಗಿಯ ಎದುರು, ಹಗುರದ ಕೆಲಸ ಮಾಡಿಕೊಂಡು ಆಕಾಶ ನೋಡಿದ. ಮಂಗಫ್‌ನಲ್ಲಿ ಬಕೆಟಿನ ಪಕ್ಕ ಕುಳಿತು ಯಾರು ಯಾರನ್ನೋ ಬೈದಿದ್ದ. ಬೈಗುಳ ಒಂದೂ ಇಷ್ಟು ಸರಿಯಾಗಿ ತಾಗಿರಲಿಲ್ಲ.

ಹಿಂದೆ ಮೆರವಣಿಗೆಯೆಲ್ಲ ಕಾಯುತ್ತಿತ್ತು. ಎರ್ವೆ ಮುಂದೆ ಬಂದು, ನಾನು ತೆಗೆದುಕೊಳ್ಳುತ್ತೇನೆ ಎಂದು ಕೈ ಚಾಚಿದ. ಎಪ್ಪತ್ತೈದು ದಾಟಿದ ಮುದುಕ. ಆಗಸ್ಟಿನ್ ತಲೆಯಲ್ಲಾಡಿಸಿದ. ತೊಗಲಿನ ಪಟ್ಟಿ ಗೋಡೆಯ ಮೇಲೆ ಅಲ್ಲೇ ಇತ್ತು. ಅದನ್ನು ಕಟ್ಟಿಕೊಳ್ಳಬೇಕಾದರೆ ಪತಾಕೆಯನ್ನು ಇ​ನ್ನೊಬ್ಬರ ಕೈಗೆ ಕೊಡಬೇಕು. ಅದು ಆಗದ ಮಾತು. ಬುಡವನ್ನು ಬರಿಯ ಹೊಟ್ಟೆಗೆ ಒತ್ತಿಕೊಂಡ.

"ಬೇಡ," ಎಂದಳು ರೋಸಲಿನ್. "ಇಳಿಸ್ಬಹುದು, ಎತ್ಲಿಕ್ಕೆ ಆಗುದಿಲ್ಲ. ಆ ಭುಜ ನನಗೆ ಗೊತ್ತುಂಟು."

ಅವನು ಇಳಿಸಿದ. ಮೊದಲಿಗೆ ಸುಲಭ, ಅರ್ಧಕ್ಕೆ ಬರುವಾಗ ಪತಾಕೆ ಅವನನ್ನೇ ಎತ್ತಿಕೊಂಡು ಹೋಗಲು ನೋಡಿತು. ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ತಳ್ಳಿ, ಹಲ್ಲು ಕಚ್ಚಿ ಹಿಡಿದ. ದಂಡದ ಬುಡ ಹೊಟ್ಟೆಗೆ ಗೂಟದಂತೆ ನೆಟ್ಟಿತು. ಸಾಂತ್ ಆನ್ನಾ ಪುಸ್ತಕ ಹಿಡಿದುಕೊಂಡೇ ನೆಲದಿಂದ ಒಂದು ಗೇಣು ಮೇಲೆ ತೇಲಿದಳು. ಅವನು ಕಮಾನಿನ ಕೆಳಗೆ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಏಳನೆಯ ಹೆಜ್ಜೆಗೆ ತಲೆಯ ಮೇಲಿನ ಕಲ್ಲು ಮುಗಿದು ಎತ್ತರದ ಮಾಡು ಬಂತು. ಎಲ್ಲರೂ ಅವನು ಎತ್ತುವುದನ್ನು ಕಾದರು.

ಅವನು ಎತ್ತಲಿಲ್ಲ. ಪತಾಕೆಯನ್ನು ಹಾಗೆಯೇ ಹಿಡಿದು ಎಡಕ್ಕೆ ತಿರುಗಿದ. ಅಲ್ಲಿ ಕಂಬದ ಪಕ್ಕ ಹುಡುಗಿ ನೀಲಿ ಪತಾಕೆಯೊಂದಿಗೆ ನಿಂತಿದ್ದಳು. ಅವಳ ಕಾಲ ಬಳಿ ತನ್ನ ಪತಾಕೆಯನ್ನು ಚಾಚಿ ಹಿಡಿದು, ಆಗಸ್ಟಿನ್ ಅವಳ ಮುಖ ನೋಡಿದ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ತನ್ನದನ್ನು ಇಳಿಸಿದಳು. ಕೆಂಪು ಮಖಮಲ್ಲು ನೀಲಿ ಮಖಮಲ್ಲಿಗೆ ಮುಟ್ಟಿತು. ಮುದುಕಿಯರಲ್ಲಿ ಯಾರೋ ಮೂಗು ಸೀಟಿದರು.

ಹುಡುಗಿ ತನ್ನ ಪತಾಕೆಯನ್ನು ಎತ್ತಿದಳು. ಈಗ ಆಗಸ್ಟಿನನ ಸರದಿ. ಅವನು ಬೆನ್ನು ಹಿಂದಕ್ಕೆ ಎಳೆದ. ಪತಾಕೆ ಮೊಣಕಾಲಿನ ಮಟ್ಟಕ್ಕೆ ಬಂತು, ಸೊಂಟದ ಮಟ್ಟಕ್ಕೆ ಬಂತು. ಆಗ ಭುಜದೊಳಗೆ ಒಣ ಬಿದಿರು ಸೀಳಿದಂತೆ ಚಟಕ್ಕೆಂದಿತು. ಪಕ್ಕದಲ್ಲಿದ್ದ ಡೆಲ್ಮಾಳಿಗೂ ಕೇಳಿಸಿತು. ಬಲಗೈ ಬೆರಳುಗಳು ದಂಡದ ಮೇಲಿದ್ದವು, ಆದರೆ ಅವು ಇನ್ನು ಅವನ ಮಾತು ಕೇಳುತ್ತಿರಲಿಲ್ಲ. ಎಡಗೈ, ಹೊಟ್ಟೆ, ಎರಡು ಕಾಲು ಇಷ್ಟೇ ಉಳಿದದ್ದು. ಪತಾಕೆ ಗಾಳಿಯಲ್ಲಿ ನಡುಗುತ್ತ ನಿಂತಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ.

ಎರ್ವೆ ಒಂದು ಕಡೆಯಿಂದ ಧಾವಿಸಿದ. ಮೋರಿಸ್ ಕ್ಯಾಮೆರಾ ಬಿಟ್ಟು ಇನ್ನೊಂದು ಕಡೆಯಿಂದ ಬಂದ. ರೋಸಲಿನ್ ಎಲ್ಲರಿಗಿಂತ ಮೊದಲು ಬಂದು, ಅವನ ಬಲಗೈಯ ಕೆಳಗೆ ತನ್ನ ಎರಡೂ ಕೈ ಒಡ್ಡಿದಳು.

ಆಗಸ್ಟಿನನ ಮುಖದಿಂದ ಬೆವರು ಸುರಿಯುತ್ತಿತ್ತು, ದನಿ ಮಾತ್ರ ರಿಫೈನರಿಯ ಅಂಗಳದಲ್ಲಿ ಕ್ರೇನಿನವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಬಂತು:

"ಮುಟ್ಬೇಡಿ! ಮೋರಿಸ್, ಹಿಂದೆ ಹೋಗು. ಡೆಲ್ಮಾ, ಆ ಅಜ್ಜನಿಗೆ ದೂರ ನಿಲ್ಲಿಕ್ಕೆ ಹೇಳು. ರೊಸ್ಲಿ, ನೀನು ಕೂಡ ಕೈ ತೆಗಿ. ನಾಳೆಯಿಂದ ಬಟನ್ ನೀನೇ ಹಾಕು, ಅನ್ನ ನೀನೇ ಕಲಸು, ನಾನು ಬೇಡ ಅನ್ನುದಿಲ್ಲ. ನಮ್ಮ ಮನೆಯಲ್ಲಿ ಬಗ್ಗಿಸಿದವ ನಾನೊಬ್ಬನೇ, ಎತ್ತುವವನೂ ನಾನೇ. ಒಂದು ಕೈ ಉಂಟಲ್ಲ, ಸಾಕು. ನಿಮ್ಮದು ಯಾರದ್ದೂ ಬೇಡ."